ಕುರ್ಚಿ ಕೊಟ್ಟ ನಂತರದ ಕರ್ತವ್ಯ: ಗಾಲಿಕುರ್ಚಿ ಬಳಕೆದಾರರಿಗೆ ದೂರ ಮಾರ್ಗದರ್ಶನದ ವ್ಯಾಯಾಮ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಪಾಠದ ಉದ್ದೇಶ

ವಿಕಲಚೇತನರಿಗಾಗಿ ಮೀಸಲಿಟ್ಟ ಹಣದಲ್ಲಿ ಗಾಲಿಕುರ್ಚಿ ವಿತರಿಸುವುದು ಗ್ರಾಮ ಪಂಚಾಯತಿಗಳಲ್ಲಿ ವಾಡಿಕೆಯಾಗಿದೆ. ವಿತರಣೆಯ ದಿನ ಪಂಚಾಯತಿ ಕಚೇರಿಯ ಮುಂದೆ ಶಾಮಿಯಾನ ಹಾಕಲಾಗುತ್ತದೆ, ಭಾವಚಿತ್ರ ತೆಗೆಯಲಾಗುತ್ತದೆ, ಸ್ವೀಕೃತಿ ಪತ್ರಕ್ಕೆ ಹೆಬ್ಬೆಟ್ಟು ಅಥವಾ ಸಹಿ ಪಡೆದು ಕಡತವನ್ನು ಮುಕ್ತಾಯಗೊಳಿಸಲಾಗುತ್ತದೆ. ಆ ಕುರ್ಚಿಯಲ್ಲಿ ಕುಳಿತ ವ್ಯಕ್ತಿಯ ಭುಜ, ಬೆನ್ನು, ಚರ್ಮ ಮತ್ತು ಉಸಿರು ಆರು ತಿಂಗಳ ನಂತರ ಯಾವ ಸ್ಥಿತಿಯಲ್ಲಿವೆ ಎಂಬುದು ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು ಗಾಲಿಕುರ್ಚಿ ಸೇವೆಯನ್ನು 8 ಹಂತಗಳಾಗಿ ವಿಂಗಡಿಸಿದೆ: ವ್ಯಕ್ತಿಯನ್ನು ಗುರುತಿಸಿ ಕಳುಹಿಸುವುದು, ಪರೀಕ್ಷಿಸುವುದು, ಸೂಕ್ತ ಕುರ್ಚಿಯನ್ನು ನಿರ್ಧರಿಸುವುದು, ಹಣ ಹೊಂದಿಸಿ ತರಿಸುವುದು, ಕುರ್ಚಿಯನ್ನು ಸಿದ್ಧಪಡಿಸುವುದು, ದೇಹಕ್ಕೆ ಹೊಂದಿಸುವುದು, ಬಳಕೆಯ ತರಬೇತಿ ನೀಡುವುದು, ದುರಸ್ತಿ ಮತ್ತು ಮರುಭೇಟಿ. ಸಮಾರಂಭದಲ್ಲಿ ಕುರ್ಚಿ ಹಸ್ತಾಂತರವಾದಾಗ ಬಹಳವೆಂದರೆ ನಾಲ್ಕು ಹಂತಗಳು ಮುಗಿದಿರುತ್ತವೆ. ಉಳಿದ ಹಂತಗಳು ಫಲಾನುಭವಿಯ ಮನೆಯೊಳಗೆ ನಡೆಯಬೇಕಾದವು. ಅಲ್ಲಿಯವರೆಗೆ ಪಂಚಾಯತಿಯ ಕೈ ಚಾಚುವುದು ಹೇಗೆ, ಅದಕ್ಕೆ ಫೋನು ಎಷ್ಟರಮಟ್ಟಿಗೆ ನೆರವಾಗಬಲ್ಲದು ಎಂಬುದು ಈ ಪಾಠದ ವಿಷಯ.

1. ಕೋಣನಕುಂಟೆಯಿಂದ ಕಾಣುವ ದೂರ

ಕೋಣನಕುಂಟೆಯು ಬೆಂಗಳೂರು ದಕ್ಷಿಣ ತಾಲ್ಲೂಕಿನ ಉತ್ತರಹಳ್ಳಿ ಹೋಬಳಿಯ ಗ್ರಾಮವಾಗಿತ್ತು. ಇಂದು ಅದು ನಗರದ ಬಡಾವಣೆ. 2021ರ ಜನವರಿಯಲ್ಲಿ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಮೆಟ್ರೋ ಸಂಚಾರ ಆರಂಭವಾದಾಗ ಕನಕಪುರ ರಸ್ತೆಯ ಕೋಣನಕುಂಟೆ ಕ್ರಾಸ್‌ಗೂ ಲಿಫ್ಟ್ ಸೌಲಭ್ಯವುಳ್ಳ ನಿಲ್ದಾಣ ಬಂದಿತು. ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಜೆ.ಪಿ. ನಗರವಿದೆ. ಗಾಲಿಕುರ್ಚಿ, ಕೃತಕ ಕಾಲು ಹಾಗೂ ಪುನರ್ವಸತಿ ತರಬೇತಿಯ ಕ್ಷೇತ್ರದಲ್ಲಿ 1994ರಿಂದ ದುಡಿಯುತ್ತಿರುವ ಮೊಬಿಲಿಟಿ ಇಂಡಿಯಾ ಸಂಸ್ಥೆ ಅಲ್ಲಿದೆ. ಅದರಾಚೆ ಜಯನಗರದ ಭಾಗದಲ್ಲಿ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಹಾಗೂ ನಿಮ್ಹಾನ್ಸ್ ಇವೆ. ಅದೇ ರಸ್ತೆಯಲ್ಲಿ ದಕ್ಷಿಣಕ್ಕೆ ಸಾಗಿದರೆ ಮೆಟ್ರೋ ಮುಗಿದು, ಕಗ್ಗಲೀಪುರ, ಸೋಮನಹಳ್ಳಿಯಂತಹ ಪಂಚಾಯತಿಗಳ ಸೀಮೆ ಆರಂಭವಾಗುತ್ತದೆ.

ನಕ್ಷೆಯ ಪ್ರಕಾರ ಕೋಣನಕುಂಟೆಯ ಗಾಲಿಕುರ್ಚಿ ಬಳಕೆದಾರರು ಚಿಕಿತ್ಸೆಗೆ ಹತ್ತಿರದವರು, ಸೋಮನಹಳ್ಳಿಯವರು ದೂರದವರು. ಮನೆಯ ಹೊಸ್ತಿಲಿನಿಂದ ಅಳೆದರೆ ಲೆಕ್ಕ ಬೇರೆಯಾಗುತ್ತದೆ. ಬಾಡಿಗೆ ಮನೆಯ ಮುಂದಿನ ಮೂರು ಮೆಟ್ಟಿಲು, ಚರಂಡಿಯ ಮೇಲಿನ ಅಲುಗಾಡುವ ಕಲ್ಲುಚಪ್ಪಡಿ, ಪಾದಚಾರಿ ಮಾರ್ಗದಲ್ಲಿ ನಿಲ್ಲಿಸಿದ ದ್ವಿಚಕ್ರ ವಾಹನ, ಮಡಚಿದ ಕುರ್ಚಿಯನ್ನು ಹಿಂದೆ ಕಟ್ಟಿಕೊಳ್ಳಲು ಒಪ್ಪದ ಆಟೋ ಇವೆಲ್ಲವನ್ನೂ ದಾಟಿದ ಮೇಲೆ ಮಾತ್ರ ನಿಲ್ದಾಣದ ಲಿಫ್ಟ್ ಸಿಗುತ್ತದೆ. ವಾರಕ್ಕೆ ಎರಡು ಬಾರಿ ಚಿಕಿತ್ಸೆಗೆ ಹೋಗಬೇಕಾದರೆ ತಿಂಗಳಿಗೆ ಎಂಟು ಅರ್ಧ ದಿನಗಳು ಬೇಕು. ಜೊತೆಗೆ ಬರುವ ಮಗ ಅಥವಾ ಹೆಂಡತಿಗೆ ಅದು ನಾಲ್ಕು ದಿನಗಳ ಕೂಲಿಯ ನಷ್ಟ. ಅನೇಕ ಕುಟುಂಬಗಳಲ್ಲಿ ಚಿಕಿತ್ಸೆ ಮೂರನೆಯ ವಾರಕ್ಕೇ ನಿಂತುಹೋಗುವುದು ಈ ಕಾರಣದಿಂದ; ಉದಾಸೀನದಿಂದಲ್ಲ.

ದೂರವನ್ನು ಕಿಲೋಮೀಟರಿನಲ್ಲಿ ಅಳೆಯದೆ, ಮೆಟ್ಟಿಲು, ಕೂಲಿ ಮತ್ತು ಜೊತೆಗಾರರ ಲೆಕ್ಕದಲ್ಲಿ ಅಳೆಯಬೇಕೆಂಬುದು ಕೋಣನಕುಂಟೆಯಿಂದ ಪಂಚಾಯತಿಗಳು ಕಲಿಯಬೇಕಾದ ಮೊದಲ ಪಾಠ. ಹಾಗೆ ಅಳೆದಾಗ ನಗರದ ಅಂಚಿನವರೂ ಹಳ್ಳಿಯವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಇಬ್ಬರಿಗೂ ವ್ಯಾಯಾಮವು ಮನೆ ಬಾಗಿಲಿಗೆ ಬರಬೇಕಾಗುತ್ತದೆ.

2. ಕುಳಿತೇ ಇರುವ ದೇಹಕ್ಕೆ ಆಗುವುದೇನು?

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದಾರೆ. ಅವರಲ್ಲಿ ಚಲನ ವೈಕಲ್ಯವುಳ್ಳವರು ಸುಮಾರು 2.72 ಲಕ್ಷ. ಪೋಲಿಯೋ, ಪಾರ್ಶ್ವವಾಯು, ಮಿದುಳಿನ ಪಾರ್ಶ್ವವಾಯು, ಬೆನ್ನುಹುರಿಯ ಪೆಟ್ಟು, ಸ್ನಾಯುಕ್ಷಯ ಹೀಗೆ ಕಾರಣಗಳು ಬೇರೆ ಬೇರೆ. ಗ್ರಾಮೀಣ ಭಾಗದಲ್ಲಿ ಮರದಿಂದ, ಕಟ್ಟಡದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗುವುದು ಅಪರೂಪವಲ್ಲ. ಕಾರಣ ಯಾವುದೇ ಇರಲಿ, ದಿನವಿಡೀ ಕುರ್ಚಿಯಲ್ಲಿ ಕಳೆಯುವ ದೇಹಕ್ಕೆ ನಾಲ್ಕು ಅಪಾಯಗಳು ಸಾಮಾನ್ಯ.

ಮೊದಲನೆಯದು ಭುಜದ ಸವೆತ. ಮನುಷ್ಯನ ಭುಜದ ಕೀಲು ಎತ್ತಲು, ಚಾಚಲು, ತಿರುಗಿಸಲು ರೂಪುಗೊಂಡಿದೆ; ದೇಹದ ಭಾರ ಹೊರಲು ಅಲ್ಲ. ಗಾಲಿಕುರ್ಚಿ ಬಳಕೆದಾರರಿಗೆ ಭುಜವೇ ಕಾಲು. ಚಕ್ರ ತಳ್ಳುವುದು, ಮಂಚಕ್ಕೆ ಜರುಗುವುದು, ಶೌಚಾಲಯದ ಆಸನಕ್ಕೆ ಏರುವುದು ಎಲ್ಲವೂ ಅದರ ಮೇಲೆಯೇ. ಎದೆಯ ಮುಂಭಾಗದ ಸ್ನಾಯುಗಳು ಬಿಗಿದು, ಬೆನ್ನಿನ ಮೇಲ್ಭಾಗದ ಸ್ನಾಯುಗಳು ಸಡಿಲವಾದಾಗ ಭುಜ ಮುಂದಕ್ಕೆ ಬಾಗಿ ನೋವು ಆರಂಭವಾಗುತ್ತದೆ. ಭುಜ ಕೈಕೊಟ್ಟ ದಿನ ಆ ವ್ಯಕ್ತಿ ಎರಡನೆಯ ಬಾರಿ ನಡಿಗೆಯನ್ನು ಕಳೆದುಕೊಂಡಂತೆ.

ಎರಡನೆಯದು ಒತ್ತಡದ ಹುಣ್ಣು. ಸ್ಪರ್ಶಜ್ಞಾನವಿಲ್ಲದ ಭಾಗದಲ್ಲಿ ಮೂಳೆ ಮತ್ತು ಆಸನದ ನಡುವೆ ಚರ್ಮ ಸಿಲುಕಿ ರಕ್ತಸಂಚಾರ ನಿಲ್ಲುತ್ತದೆ. ನೋವು ತಿಳಿಯದ ಕಾರಣ ಎಚ್ಚರಿಕೆಯೂ ದೊರೆಯುವುದಿಲ್ಲ. ಕೆಂಪು ಕಲೆಯಾಗಿ ಆರಂಭವಾದದ್ದು ಮೂಳೆಯವರೆಗಿನ ಹುಣ್ಣಾಗಿ, ನಂಜೇರಿ ಪ್ರಾಣವನ್ನೇ ತೆಗೆಯಬಲ್ಲದು.

ಮೂರನೆಯದು ಕೀಲುಗಳ ಬಿಗಿತ ಮತ್ತು ಮೂಳೆಗಳ ದೌರ್ಬಲ್ಯ. ನಾಲ್ಕನೆಯದು ಕಣ್ಣಿಗೆ ಕಾಣದ ನಷ್ಟ: ತೂಕ ಏರಿಕೆ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಮನಸ್ಸಿನ ಕುಗ್ಗುವಿಕೆ. ನಡೆದಾಡುವವರಿಗೆ ವೈದ್ಯರು ನಡಿಗೆ ಹೇಳುತ್ತಾರೆ. ಕುಳಿತವರಿಗೆ ಏನು ಹೇಳಬೇಕೆಂದು ಮನೆಯವರಿಗೂ ತಿಳಿದಿರುವುದಿಲ್ಲ. "ಅವರಿಗೆ ವಿಶ್ರಾಂತಿ ಬೇಕು" ಎಂಬ ಪ್ರೀತಿಯ ಮಾತೇ ಅಪಾಯವನ್ನು ಹೆಚ್ಚಿಸುತ್ತದೆ.

3. ಎಷ್ಟು ವ್ಯಾಯಾಮ ಬೇಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ವಿಕಲಚೇತನ ವಯಸ್ಕರಿಗೂ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಚಟುವಟಿಕೆಯನ್ನು ಸೂಚಿಸಿದೆ. ಬೆನ್ನುಹುರಿ ಪೆಟ್ಟಾದ ವಯಸ್ಕರಿಗೆಂದೇ 2018ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಮಾರ್ಗಸೂಚಿಯು ಆರಂಭದ ಗುರಿಯನ್ನು ಇನ್ನಷ್ಟು ಸಾಧ್ಯವಾಗುವಂತೆ ಇರಿಸಿದೆ: ವಾರಕ್ಕೆ ಎರಡು ಬಾರಿ, ಪ್ರತಿ ಬಾರಿ ಕನಿಷ್ಠ 20 ನಿಮಿಷ ಉಸಿರು ಏರಿಸುವ ವ್ಯಾಯಾಮ, ಅದರೊಂದಿಗೆ ವಾರಕ್ಕೆ ಎರಡು ಬಾರಿ, ಕೆಲಸ ಮಾಡುವ ಪ್ರತಿಯೊಂದು ಮುಖ್ಯ ಸ್ನಾಯು ಗುಂಪಿಗೆ 3 ಸುತ್ತು ಬಲವರ್ಧನೆ. ಹೃದಯದ ಮತ್ತು ಸಕ್ಕರೆಯ ಆರೋಗ್ಯ ಸುಧಾರಿಸಬೇಕಾದರೆ ವಾರಕ್ಕೆ ಮೂರು ಬಾರಿ, 30 ನಿಮಿಷಗಳಂತೆ.

ಒಂದು ವಾರದಲ್ಲಿ 10,080 ನಿಮಿಷಗಳಿವೆ. ಆರಂಭದ ಗುರಿ ಅವುಗಳಲ್ಲಿ 40 ನಿಮಿಷ ಮತ್ತು ಬಲವರ್ಧನೆಯ ಸ್ವಲ್ಪ ಸಮಯ ಮಾತ್ರ. ಇಷ್ಟಕ್ಕೆ ವ್ಯಾಯಾಮಶಾಲೆ ಬೇಕಿಲ್ಲ. ಬೇಕಾದುದು ಸರಿಯಾದ ಕ್ರಮ ಮತ್ತು ವಾರ ತಪ್ಪದ ವಿಚಾರಣೆ.

ಮನೆಯಲ್ಲಿ ಮಾಡುವ ವ್ಯಾಯಾಮದಿಂದ ಪ್ರಯೋಜನ ಉಂಟೇ ಎಂಬ ಸಂಶಯಕ್ಕೆ ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉತ್ತರ ನೀಡುತ್ತದೆ. ಭುಜ ನೋವಿದ್ದ 80 ಗಾಲಿಕುರ್ಚಿ ಬಳಕೆದಾರರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 12 ವಾರಗಳ ಮನೆ ವ್ಯಾಯಾಮವನ್ನೂ ಚಕ್ರ ತಳ್ಳುವ, ಜರುಗುವ ಸರಿಯಾದ ವಿಧಾನವನ್ನೂ ಕಲಿಸಲಾಯಿತು. ಆ ಗುಂಪಿನವರ ನೋವು ಆರಂಭದಲ್ಲಿದ್ದುದರ ಮೂರನೆಯ ಒಂದು ಭಾಗಕ್ಕೆ ಇಳಿಯಿತು.

ನಮ್ಮ ನಾಡಿನಲ್ಲಿಯೇ ದೊಡ್ಡ ಉದಾಹರಣೆಯಿದೆ. ಬೆಂಗಳೂರಿನ ಮಾಲತಿ ಹೊಳ್ಳ ಅವರು ಶೈಶವದಲ್ಲಿಯೇ ಪೋಲಿಯೋಗೆ ತುತ್ತಾದವರು. ಗಾಲಿಕುರ್ಚಿಯಲ್ಲಿಯೇ ಕ್ರೀಡಾಪಟುವಾಗಿ ಬೆಳೆದು ಅರ್ಜುನ ಪ್ರಶಸ್ತಿಯನ್ನೂ 2001ರಲ್ಲಿ ಪದ್ಮಶ್ರೀಯನ್ನೂ ಪಡೆದರು. ಪ್ರತಿಯೊಬ್ಬರೂ ಪದಕ ಗೆಲ್ಲಬೇಕಿಲ್ಲ. ಮಂಚದಿಂದ ಕುರ್ಚಿಗೆ ಯಾರ ನೆರವೂ ಇಲ್ಲದೆ ಜರುಗುವುದೇ ಒಬ್ಬ ವ್ಯಕ್ತಿಯ ಪದಕವಾಗಿರಬಹುದು.

4. ದೂರ ಮಾರ್ಗದರ್ಶನ ಎಂದರೇನು?

ಫಿಸಿಯೋಥೆರಪಿ ತಜ್ಞರು ಒಂದು ಕಡೆ, ವ್ಯಾಯಾಮ ಮಾಡುವವರು ಇನ್ನೊಂದು ಕಡೆ ಇದ್ದು, ಫೋನಿನ ಮೂಲಕ ಕಲಿಕೆ, ತಿದ್ದುವಿಕೆ ಮತ್ತು ವಿಚಾರಣೆ ನಡೆಯುವ ವ್ಯವಸ್ಥೆಗೆ ದೂರ ಮಾರ್ಗದರ್ಶನದ ವ್ಯಾಯಾಮ ಎನ್ನಬಹುದು. ಅದರಲ್ಲಿ ಮೂರು ಬಗೆಗಳಿವೆ.

ಅ) ನೇರ ವಿಡಿಯೋ ಕರೆ: ತಜ್ಞರು ನೋಡುತ್ತಿರುವಾಗಲೇ ವ್ಯಾಯಾಮ ನಡೆಯುತ್ತದೆ. ತಪ್ಪನ್ನು ಆಗಲೇ ತಿದ್ದಬಹುದು. ಉತ್ತಮ ಸಂಪರ್ಕ ಬೇಕು.

ಆ) ಮುದ್ರಿತ ವಿಡಿಯೋ ಅಥವಾ ಧ್ವನಿ ಸಂದೇಶ: ಒಮ್ಮೆ ಇಳಿಸಿಕೊಂಡರೆ ಸಂಪರ್ಕವಿಲ್ಲದಾಗಲೂ ಬಳಸಬಹುದು. ಮನೆಯ ಮಾತಿನ ಕನ್ನಡದಲ್ಲಿದ್ದರೆ ಹೆಚ್ಚು ಉಪಯುಕ್ತ.

ಇ) ಸಾಮಾನ್ಯ ದೂರವಾಣಿ ಕರೆ: ವಾರಕ್ಕೊಮ್ಮೆ ಹತ್ತು ನಿಮಿಷ. ಎಷ್ಟು ದಿನ ಮಾಡಿದಿರಿ, ಎಲ್ಲಿ ನೋವಾಯಿತು, ಚರ್ಮ ಹೇಗಿದೆ ಎಂಬ ಮೂರು ಪ್ರಶ್ನೆಗಳು. ಸ್ಮಾರ್ಟ್‌ಫೋನ್ ಇಲ್ಲದ ಮನೆಗೂ ಇದು ತಲುಪುತ್ತದೆ.

ಈ ಮೂರರಲ್ಲಿ ತಂತ್ರಜ್ಞಾನದ ದೃಷ್ಟಿಯಿಂದ ಅತ್ಯಂತ ಸರಳವಾದುದು ಕೊನೆಯದು. ವ್ಯಾಯಾಮ ನಿಂತುಹೋಗದಂತೆ ಕಾಯುವುದೂ ಮುಖ್ಯವಾಗಿ ಅದೇ. ವಿಡಿಯೋ ಕಲಿಸುತ್ತದೆ, ಯಾರೋ ಒಬ್ಬರು ಕೇಳುತ್ತಾರೆಂಬ ನಿರೀಕ್ಷೆ ಮುಂದುವರಿಸುತ್ತದೆ.

ವೈದ್ಯರ ಸಲಹೆಗೂ ದಾರಿಯಿದೆ. ನೋಂದಾಯಿತ ವೈದ್ಯರು ದೂರದಿಂದ ಸಲಹೆ ನೀಡುವ ಕುರಿತು ಕೇಂದ್ರ ಸರ್ಕಾರದ ಮಾರ್ಗಸೂಚಿ 2020ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಇ-ಸಂಜೀವಿನಿ ವ್ಯವಸ್ಥೆಯ ಮೂಲಕ ಗ್ರಾಮದ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಯು ರೋಗಿಯ ಪರವಾಗಿ ವೈದ್ಯರನ್ನು ಸಂಪರ್ಕಿಸಬಹುದು. ವ್ಯಾಯಾಮಕ್ಕೆ ಮುನ್ನ ರಕ್ತದೊತ್ತಡ, ಹುಣ್ಣು, ಔಷಧಗಳ ಕುರಿತು ಸ್ಪಷ್ಟತೆ ಪಡೆಯಲು ಇದನ್ನು ಬಳಸಿಕೊಳ್ಳಬೇಕು.

ಆದರೆ ಒಂದು ಮಿತಿಯನ್ನು ಮರೆಯಬಾರದು. ಮೊದಲ ಪರೀಕ್ಷೆ ಮುಖಾಮುಖಿಯಾಗಿಯೇ ಆಗಬೇಕು. ಕೀಲಿನ ಬಿಗಿತವನ್ನು, ಸ್ನಾಯುವಿನ ಬಲವನ್ನು, ಕುರ್ಚಿಯ ಅಳತೆ ದೇಹಕ್ಕೆ ಹೊಂದಿದೆಯೇ ಎಂಬುದನ್ನು ಕೈಯಿಂದ ಮುಟ್ಟಿ ನೋಡಬೇಕು. ಅಳತೆ ತಪ್ಪಿದ ಕುರ್ಚಿಯಲ್ಲಿ ಕುಳಿತು ಮಾಡುವ ವ್ಯಾಯಾಮ ಭುಜವನ್ನು ಇನ್ನಷ್ಟು ಕೆಡಿಸುತ್ತದೆ.

5. ಪಂಚಾಯತಿಯಲ್ಲಿ ಇದು ನಡೆಯುವ ಬಗೆ: 12 ವಾರಗಳ ಮಾದರಿ

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ನಲವತ್ತು ವರ್ಷದ ಗೃಹಸ್ಥರೊಬ್ಬರು ಎರಡು ವರ್ಷಗಳಿಂದ ನಡುಮನೆಯಲ್ಲಿದ್ದಾರೆ. ಪಂಚಾಯತಿ ಕೊಟ್ಟ ಕುರ್ಚಿಯಿದೆ. ಪತ್ನಿ ಕೂಲಿಗೆ ಹೋಗುತ್ತಾರೆ, ಮಗಳು ಪ್ರೌಢಶಾಲೆಯಲ್ಲಿ ಓದುತ್ತಿದ್ದಾಳೆ.

ಮೊದಲ ವಾರ: ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮನೆಗೆ ಭೇಟಿ ನೀಡಿ ವಿವರ ದಾಖಲಿಸುತ್ತಾರೆ. ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ಮೂಲಕ ಫಿಸಿಯೋಥೆರಪಿ ತಜ್ಞರ ಒಂದು ಮುಖಾಮುಖಿ ಪರೀಕ್ಷೆ ಏರ್ಪಡುತ್ತದೆ. ಆ ಒಂದು ಪ್ರಯಾಣದ ವಾಹನ ವೆಚ್ಚವನ್ನು ಪಂಚಾಯತಿ ಭರಿಸುತ್ತದೆ.

ಎರಡನೆಯ ವಾರದಿಂದ ನಾಲ್ಕನೆಯ ವಾರ: ವಾರಕ್ಕೆ ಎರಡು ವಿಡಿಯೋ ಕರೆ. ಮನೆಯಲ್ಲಿ ಸಂಪರ್ಕವಿಲ್ಲದಿದ್ದರೆ, ಇಳಿಜಾರು ಇರುವ ಗ್ರಾಮ ಪಂಚಾಯತಿ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಕರೆ ನಡೆಸಬಹುದು. ಐದನೆಯ ವಾರದಿಂದ ಎಂಟನೆಯ ವಾರ: ವಾರಕ್ಕೆ ಒಂದು ವಿಡಿಯೋ ಕರೆ, ಒಂದು ಸಾಮಾನ್ಯ ಕರೆ. ಒಂಬತ್ತರಿಂದ ಹನ್ನೆರಡನೆಯ ವಾರ: ಒಂದು ಸಾಮಾನ್ಯ ಕರೆ, ಕೊನೆಗೆ ಮತ್ತೊಂದು ಮುಖಾಮುಖಿ ಪರೀಕ್ಷೆ.

ತಜ್ಞರು ಸಾಮಾನ್ಯವಾಗಿ ಸೂಚಿಸುವ ವ್ಯಾಯಾಮಗಳು ಹೀಗಿರುತ್ತವೆ. ವ್ಯಕ್ತಿಗೆ ತಕ್ಕಂತೆ ತಜ್ಞರು ಬದಲಾಯಿಸಿದ ಕ್ರಮವೇ ಅಂತಿಮ.

• ಹಿಂದಕ್ಕೆ ಎಳೆತ: ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿಗೆ ಭದ್ರವಾಗಿ ಕಟ್ಟಿ, ಎರಡೂ ಕೈಗಳಿಂದ ಹಿಡಿದು, ಮೊಣಕೈ ಹಿಂದೆ ಹೋಗುವಂತೆ ಎಳೆಯುವುದು. ಬೆನ್ನಿನ ಎರಡು ರೆಕ್ಕೆ ಮೂಳೆಗಳು ಒಂದನ್ನೊಂದು ಸಮೀಪಿಸಬೇಕು. ಪಟ್ಟಿ ದೊರೆಯದಿದ್ದರೆ ಶುಚಿಗೊಳಿಸಿದ ಹಳೆಯ ಸೈಕಲ್ ಟ್ಯೂಬಿನ ಸೀಳು ಸಾಕು.

• ಹೊರ ತಿರುವು: ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಮುಂಗೈಯನ್ನು ಮಾತ್ರ ಹೊರಕ್ಕೆ ತಿರುಗಿಸುವುದು. ಭುಜದ ಕೀಲನ್ನು ಸ್ಥಾನದಲ್ಲಿ ಹಿಡಿದಿಡುವ ಸಣ್ಣ ಸ್ನಾಯುಗಳಿಗೆ ಇದು ಬಲ ನೀಡುತ್ತದೆ.

• ತೂಕ ಎತ್ತುವುದು: ಒಂದು ಲೀಟರ್ ನೀರಿನ ಬಾಟಲಿ ಎಂದರೆ ಸುಮಾರು ಒಂದು ಕಿಲೋ. ಅರ್ಧ ತುಂಬಿ ಆರಂಭಿಸಿ, ವಾರ ಕಳೆದಂತೆ ನೀರು ಹೆಚ್ಚಿಸಬಹುದು.

• ಎದೆ ಹಿಗ್ಗಿಸುವುದು: ಕೈಗಳನ್ನು ಪಕ್ಕಕ್ಕೆ ಚಾಚಿ, ಎದೆಯ ಬಿಗಿತ ಸಡಿಲಿಸಿ, ಅರ್ಧ ನಿಮಿಷ ಹಾಗೆಯೇ ಇರುವುದು.

• ಉಸಿರು ಏರಿಸುವುದು: ಗಾಳಿಯಲ್ಲಿ ಗುದ್ದುವುದು, ಅಥವಾ ಅಂಗಳದಲ್ಲಿ ಕುರ್ಚಿಯನ್ನು ತಾವೇ ತಳ್ಳುವುದು. ಆರಂಭದಲ್ಲಿ ಐದು ನಿಮಿಷ, ಕ್ರಮೇಣ ಇಪ್ಪತ್ತು. ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಮಧ್ಯಮ ಪ್ರಮಾಣದ ಗುರುತು.

• ಮುಂದಕ್ಕೆ ಬಾಗುವುದು: ಇದು ದಿನವಿಡೀ ಪಾಲಿಸಬೇಕಾದ ಅಭ್ಯಾಸ. ಅರ್ಧ ಗಂಟೆಗೊಮ್ಮೆ ಮುಂದಕ್ಕೆ ಅಥವಾ ಪಕ್ಕಕ್ಕೆ ಬಾಗಿ, ಎರಡು ನಿಮಿಷ ಆಸನದ ಒತ್ತಡ ತಗ್ಗಿಸಬೇಕು. ಬೀಳದಂತೆ ಮುಂದೆ ಮೇಜಿನ ಆಸರೆ ಅಥವಾ ಜೊತೆಗಾರರು ಇರಬೇಕು.

ಕಾಲುಗಳನ್ನು ಮನೆಯವರು ನಿಧಾನವಾಗಿ ಮಡಚಿ ಚಾಚಿಸುವುದನ್ನೂ ತಜ್ಞರು ಕಲಿಸುತ್ತಾರೆ. ಬಳಕೆಯಿಲ್ಲದ ಕಾಲಿನ ಮೂಳೆ ಟೊಳ್ಳಾಗಿರುವುದರಿಂದ ಬಲಪ್ರಯೋಗ ಸಲ್ಲದು.

ಕರೆಯ ಸಮಯದಲ್ಲಿ ಫೋನನ್ನು ಎದುರಿಗೆ ಇಡುವುದಕ್ಕಿಂತ, ಸೊಂಟದ ಎತ್ತರದಲ್ಲಿ ಸ್ವಲ್ಪ ಪಕ್ಕಕ್ಕೆ, ತಲೆಯಿಂದ ಚಕ್ರದವರೆಗೆ ಕಾಣುವಂತೆ ಇಡಬೇಕು. ಬೆಳಕು ಮುಖದ ಕಡೆಯಿಂದ ಬರಬೇಕು. ಮುಖ ಮಾತ್ರ ಕಾಣುತ್ತಿದ್ದರೆ ತಜ್ಞರಿಗೆ ಭುಜದ ತಪ್ಪು ತಿಳಿಯುವುದಿಲ್ಲ.

ಮಗಳ ಹಳೆಯ ನೋಟುಬುಕ್ಕಿನ ಒಂದು ಹಾಳೆಯೇ ದಾಖಲೆ ಪುಸ್ತಕವಾಗಬಹುದು. ನಾಲ್ಕು ಕಲಂಗಳು ಸಾಕು: ದಿನಾಂಕ, ಮಾಡಿದ ನಿಮಿಷಗಳು, ಭುಜದ ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಚರ್ಮದಲ್ಲಿ ಕೆಂಪು ಕಲೆ ಇದೆಯೇ ಇಲ್ಲವೇ. ಹನ್ನೆರಡು ವಾರಗಳ ಈ ಹಾಳೆಯು ಸಮಾರಂಭದ ಭಾವಚಿತ್ರಕ್ಕಿಂತ ಹೆಚ್ಚಿನ ಸಾಕ್ಷ್ಯ ನುಡಿಯುತ್ತದೆ.

6. ಸುರಕ್ಷತೆಯ ನಿಯಮಗಳು

ಬಲವರ್ಧನೆಯ ವ್ಯಾಯಾಮಕ್ಕೆ ಮುನ್ನ ಕುರ್ಚಿಯ ಬ್ರೇಕ್ ಹಾಕಿರಬೇಕು, ಪಾದಗಳು ಪಾದಪೀಠದ ಮೇಲಿರಬೇಕು, ಮೂತ್ರಚೀಲ ಖಾಲಿಯಾಗಿರಬೇಕು, ನೀರು ಕೈಗೆಟುಕುವಂತಿರಬೇಕು. ಮೊದಲ ನಾಲ್ಕು ವಾರ ಮನೆಯಲ್ಲಿ ಒಬ್ಬರು ಜೊತೆಗಿರಬೇಕು. ಬೆನ್ನುಹುರಿ ಪೆಟ್ಟಾದವರಲ್ಲಿ ಬೆವರುವ ಶಕ್ತಿ ಕುಂದಿರುವುದರಿಂದ, ಬೇಸಿಗೆಯಲ್ಲಿ ಬೆಳಗ್ಗೆ ಅಥವಾ ಸಂಜೆ ಮಾತ್ರ ವ್ಯಾಯಾಮ. ಜ್ವರವಿದ್ದಾಗ ಮತ್ತು ಹೊಸ ನೋವು ಕಾಣಿಸಿಕೊಂಡಾಗ ನಿಲ್ಲಿಸಬೇಕು. ಕುಳಿತುಕೊಳ್ಳುವ ಭಾಗದಲ್ಲಿ ಹುಣ್ಣಿದ್ದರೆ ವ್ಯಾಯಾಮಕ್ಕಿಂತ ಮೊದಲು ಹುಣ್ಣಿನ ಚಿಕಿತ್ಸೆಯಾಗಬೇಕು.

ಎದೆಯ ಮೇಲ್ಭಾಗದಲ್ಲಿ ಅಥವಾ ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟಾದವರಲ್ಲಿ ಒಂದು ತುರ್ತು ಸ್ಥಿತಿ ತಲೆದೋರಬಹುದು. ತಲೆ ಸಿಡಿಯುವಂತಹ ನೋವು, ಮುಖ ಕೆಂಪಾಗುವುದು, ಪೆಟ್ಟಾದ ಮಟ್ಟದ ಮೇಲೆ ಬೆವರು, ಹಠಾತ್ತನೆ ಏರುವ ರಕ್ತದೊತ್ತಡ ಇದರ ಲಕ್ಷಣಗಳು. ಕೂಡಲೇ ವ್ಯಾಯಾಮ ನಿಲ್ಲಿಸಿ, ನೇರವಾಗಿ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಮೂತ್ರದ ನಳಿಕೆ ಮಡಚಿಕೊಂಡಿದೆಯೇ ನೋಡಬೇಕು. ಇಳಿಯದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಈ ಒಂದು ಪರಿಚ್ಛೇದವನ್ನು ಪುನರ್ವಸತಿ ಕಾರ್ಯಕರ್ತರಿಗೂ ಆಶಾ ಕಾರ್ಯಕರ್ತೆಯರಿಗೂ ಓದಿ ಹೇಳುವುದು ಸದಸ್ಯರ ಹೊಣೆ.

ಗೌರವವೂ ಸುರಕ್ಷತೆಯ ಭಾಗವೇ. ಮಹಿಳೆಯರ ಚರ್ಮ ಪರೀಕ್ಷೆಯನ್ನು ಮನೆಯ ಮಹಿಳೆಯರು ಅಥವಾ ಆಶಾ ಕಾರ್ಯಕರ್ತೆಯರು ಮಾತ್ರ ಮಾಡಬೇಕು. ವ್ಯಾಯಾಮದ ವಿಡಿಯೋವನ್ನು ಪಂಚಾಯತಿಯ ವಾಟ್ಸಾಪ್ ಗುಂಪಿಗೆ ಹಾಕುವಂತಿಲ್ಲ.

7. ಕಾನೂನು ಮತ್ತು ಹಣ

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 25ನೆಯ ಪ್ರಕರಣ ಆರೋಗ್ಯ ಸೇವೆಯ ಕುರಿತು, 27ನೆಯದು ಪುನರ್ವಸತಿಯ ಕುರಿತು, 30ನೆಯದು ಕ್ರೀಡಾ ಚಟುವಟಿಕೆಗಳ ಕುರಿತು ಹೇಳುತ್ತವೆ. 25ನೆಯ ಪ್ರಕರಣವು ವಿಶೇಷವಾಗಿ ಗ್ರಾಮೀಣ ಪ್ರದೇಶದಲ್ಲಿ ವಾಸಸ್ಥಳದ ಸಮೀಪದಲ್ಲಿಯೇ ಆರೋಗ್ಯ ಸೇವೆ ದೊರೆಯಬೇಕೆನ್ನುತ್ತದೆ. ಆದುದರಿಂದ ವ್ಯಾಯಾಮದ ವ್ಯವಸ್ಥೆಯು ಪಂಚಾಯತಿ ತೋರುವ ಕೃಪೆಯಲ್ಲ.

ಗ್ರಾಮ ಪಂಚಾಯತಿಗಳು ಸ್ವಂತ ಸಂಪನ್ಮೂಲದಲ್ಲಿ ಶೇ. 5ರಷ್ಟನ್ನು ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡುತ್ತವೆ. ಈ ಹಣ ಬಹುತೇಕ ಸಾಧನ ಖರೀದಿಗೆ ವ್ಯಯವಾಗುತ್ತದೆ. ಕ್ರಿಯಾಯೋಜನೆ ತಯಾರಿಸುವಾಗಲೇ ಪರೀಕ್ಷೆಗೆ ಹೋಗಿಬರುವ ವಾಹನ, ರಬ್ಬರ್ ಪಟ್ಟಿ, ಒತ್ತಡ ತಗ್ಗಿಸುವ ದಿಂಬು, ಕುರ್ಚಿ ದುರಸ್ತಿ ಮತ್ತು ಮನೆಯ ಇಳಿಜಾರಿಗೆ ಅದರೊಳಗೆ ಪಾಲು ಕೇಳಬಹುದು. ಇಳಿಜಾರಿನ ಲೆಕ್ಕವನ್ನು ಸದಸ್ಯರು ನೆನಪಿಡುವುದು ಒಳ್ಳೆಯದು: ಒಂದು ಅಡಿ ಏರಿಕೆಗೆ ಹನ್ನೆರಡು ಅಡಿ ಉದ್ದ. ಒಂದೂವರೆ ಅಡಿ ಎತ್ತರದ ಜಗಲಿಗೆ ಹದಿನೆಂಟು ಅಡಿ ಬೇಕು. ಆರು ಅಡಿಯಲ್ಲಿ ಮುಗಿಸಿದ ಇಳಿಜಾರು ಬಿಲ್ಲಿನಲ್ಲಿ ಇಳಿಜಾರು. ಕುರ್ಚಿಯಲ್ಲಿರುವವರಿಗೆ ಅದು ಜಾರುಬಂಡೆ.

8. ಸಭೆಯಲ್ಲಿ ಏಳಬಹುದಾದ ಆಕ್ಷೇಪಗಳು

"ನಮ್ಮ ಪಂಚಾಯತಿಯಲ್ಲಿ ಇಂತಹವರು ಮೂವರೋ ನಾಲ್ವರೋ ಇರಬಹುದು." ಸಂಖ್ಯೆ ಕಡಿಮೆ ಇರುವುದೇ ದೂರ ಮಾರ್ಗದರ್ಶನಕ್ಕೆ ಕಾರಣ. ಮೂವರಿಗಾಗಿ ಒಬ್ಬ ತಜ್ಞರನ್ನು ನೇಮಿಸಲಾಗದು. ಐದು ಪಂಚಾಯತಿಗಳ ಹದಿನೈದು ಮಂದಿ ಸೇರಿದರೆ ಒಬ್ಬ ತಜ್ಞರ ವಾರದ ಎರಡು ಮಧ್ಯಾಹ್ನಗಳಿಗೆ ಸಾಕಾಗುವಷ್ಟು ಕೆಲಸವಾಗುತ್ತದೆ.

"ಫೋನು ಮಗನ ಕೈಯಲ್ಲಿರುತ್ತದೆ, ಅವನು ಕೆಲಸಕ್ಕೆ ಹೋಗುತ್ತಾನೆ." ಹಾಗಾದರೆ ಕರೆಯ ಸಮಯ ಸಂಜೆಯಾಗಬೇಕು. ಕಚೇರಿಯ ವೇಳೆಗೆ ಮನೆಯವರು ಹೊಂದಿಕೊಳ್ಳಲಿ ಎಂದು ನಿರೀಕ್ಷಿಸಿದ ಯೋಜನೆಗಳು ಕಡತದಲ್ಲಿಯೇ ಉಳಿಯುತ್ತವೆ.

"ಎದ್ದು ನಡೆಯುವಂತಾಗುವುದೇ?" ಈ ಪ್ರಶ್ನೆಯನ್ನು ಕುಟುಂಬವೂ ಕೇಳುತ್ತದೆ. ಸುಳ್ಳು ಭರವಸೆ ನೀಡಬಾರದು. ಈ ವ್ಯಾಯಾಮದ ಗುರಿ ನಡಿಗೆಯನ್ನು ಮರಳಿಸುವುದಲ್ಲ. ಇರುವ ಭುಜವನ್ನು, ಚರ್ಮವನ್ನು, ಉಸಿರನ್ನು ಮುಂದಿನ ಮೂವತ್ತು ವರ್ಷ ಉಳಿಸುವುದು. ಇದನ್ನು ಮೊದಲ ದಿನವೇ ಸ್ಪಷ್ಟಪಡಿಸಿದರೆ ನಾಲ್ಕನೆಯ ವಾರದ ನಿರಾಶೆ ತಪ್ಪುತ್ತದೆ.

9. ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

(1) ತಮ್ಮ ವಾರ್ಡಿನಲ್ಲಿ ಕಳೆದ ಐದು ವರ್ಷಗಳಲ್ಲಿ ಗಾಲಿಕುರ್ಚಿ ಪಡೆದವರ ಪಟ್ಟಿಯನ್ನು ಕಚೇರಿಯಿಂದ ಪಡೆದು, ಪುನರ್ವಸತಿ ಕಾರ್ಯಕರ್ತರೊಂದಿಗೆ ಪ್ರತಿ ಮನೆಗೂ ಭೇಟಿ ನೀಡುವುದು.

(2) ಕುರ್ಚಿ ಬಳಕೆಯಲ್ಲಿದೆಯೇ, ಭುಜ ನೋವಿದೆಯೇ, ಹುಣ್ಣಿದೆಯೇ, ಮನೆಯಲ್ಲಿ ಯಾವ ಫೋನಿದೆ ಎಂಬ ನಾಲ್ಕು ವಿವರಗಳನ್ನು ಬರೆದುಕೊಳ್ಳುವುದು.

(3) ಈ ವಿವರಗಳನ್ನು ಸಾಮಾಜಿಕ ನ್ಯಾಯ ಸಮಿತಿಯಲ್ಲಿಯೂ ವಿಕಲಚೇತನರ ವಿಶೇಷ ಗ್ರಾಮಸಭೆಯಲ್ಲಿಯೂ ಮಂಡಿಸಿ, ನೆರೆಯ ಪಂಚಾಯತಿಗಳೊಂದಿಗೆ ಸೇರಿ ತಜ್ಞರ ಸೇವೆ ಕೋರಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳಿಗೆ ಬರೆಯುವುದು.

(4) ಹನ್ನೆರಡು ವಾರಗಳ ನಂತರ ದಾಖಲೆ ಹಾಳೆಯನ್ನು ಅದೇ ಸಭೆಯಲ್ಲಿ ಪರಿಶೀಲಿಸುವುದು.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ವಾರ್ಡಿನ ಒಬ್ಬ ಗಾಲಿಕುರ್ಚಿ ಬಳಕೆದಾರರು ಮನೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಲು ಎಷ್ಟು ಮೆಟ್ಟಿಲು, ಎಷ್ಟು ಹಣ, ಎಷ್ಟು ಜನರ ನೆರವು ಬೇಕು?

2. ಕಳೆದ ಸಾಲಿನ ಶೇ. 5ರ ಹಣದಲ್ಲಿ ಸಾಧನ ಖರೀದಿಗೆ ಎಷ್ಟು, ತರಬೇತಿ ಹಾಗೂ ದುರಸ್ತಿಗೆ ಎಷ್ಟು ವ್ಯಯವಾಯಿತು?

3. ನಿಮ್ಮ ಅರಿವು ಕೇಂದ್ರದೊಳಗೆ ಗಾಲಿಕುರ್ಚಿ ಹೋಗುವುದೇ? ಖಾಲಿ ಕುರ್ಚಿಯೊಂದನ್ನು ತಳ್ಳಿಕೊಂಡು ಹೋಗಿ ಪರೀಕ್ಷಿಸಿ.

4. ಕೊನೆಯ ಬಾರಿ ಕುರ್ಚಿ ವಿತರಿಸಿದ ಭಾವಚಿತ್ರದಲ್ಲಿರುವವರು ಈಗ ಹೇಗಿದ್ದಾರೆ? ಉತ್ತರ ತಿಳಿದಿಲ್ಲವಾದರೆ, ಈ ಪಾಠದ ಮೊದಲ ಅಭ್ಯಾಸ ಆ ಮನೆಯಿಂದಲೇ ಆರಂಭವಾಗಲಿ.